ಸೂರಕ್ಕಿ, ಪಾತರಗಿತ್ತಿಗಳಿಗಾಗಿ ಕೊಂಡ ನಾಲ್ಕು ಗಿಡಗಳು

ಕಲಬುರಗಿಯ ಹೊರವಲಯದ ಒಂದು ನರ್ಸರಿಯಿಂದ ಕಳೆದ ಮುಂಗಾರಿನಲ್ಲಿ ಹಮೇಲಿಯಾ, ಪೆಂಟಾಸ್, ದಾಸವಾಳ ಮತ್ತು ಕರಿಬೇವಿನ ಗಿಡಗಳನ್ನು ತಂದು ಅಂಗಳದಲ್ಲಿ ನೆಟ್ಟಿದ್ದೆ. ಇಲ್ಲಿನ ಮೇ ತಿಂಗಳ ಬಿಸಿಲನ್ನು ಕಾಣದ ಗಿಡದ ಬಗ್ಗೆ ಒಳ್ಳೆಯ ಮಾತು ಹೇಳುವುದು ಅವಸರವಾದೀತೆಂದು ಒಂದು ಬೇಸಿಗೆ ಕಳೆಯುವವರೆಗೆ ಕಾದು ಇದನ್ನು ಬರೆಯುತ್ತಿದ್ದೇನೆ.

ಕೊಟ್ಟ 120 ರೂಪಾಯಿಗೆ ಪೂರ್ತಿ ನ್ಯಾಯ ಒದಗಿಸಿದ್ದು ಹಮೇಲಿಯಾ. ಅದರ ಕುಂಡಕ್ಕೆ ‘ಹಮ್ಮಿಂಗ್‌ಬರ್ಡ್ ಗಿಡ’ ಎಂಬ ಚೀಟಿ ಅಂಟಿಸಿದ್ದರು. ಅಮೆರಿಕ ಖಂಡಗಳ ಮಟ್ಟಿಗೆ ಆ ಹೆಸರು ಸರಿ. ಗಿಡದ ತವರೂ ಅದೇ, ಹಮ್ಮಿಂಗ್‌ಬರ್ಡ್‌ಗಳು ಇರುವುದೂ ಅಲ್ಲಿ ಮಾತ್ರ. ನಮ್ಮಲ್ಲಿ ಅದರ ಮಕರಂದಕ್ಕೆ ಬರುವುದು ಸೂರಕ್ಕಿ. ಹಮ್ಮಿಂಗ್‌ಬರ್ಡ್ ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತ ಹೀರುತ್ತದೆ, ಸೂರಕ್ಕಿ ಹೆಚ್ಚಾಗಿ ಕೂತು ಹೀರುತ್ತದೆ. ಆದ್ದರಿಂದ ಹೂಗೊಂಚಲಿನ ಪಕ್ಕದಲ್ಲಿ ಕೂರಲು ಗಟ್ಟಿ ಕಡ್ಡಿಯಿರುವ ಗಿಡವನ್ನೇ ನಾವು ಆರಿಸಬೇಕು. ಬೆಳಿಗ್ಗೆ ಏಳರ ಹೊತ್ತಿಗೆ ನೀಲಿಗಪ್ಪು ಹೊಳಪಿನ ಗಂಡು, ಅದರ ಹಿಂದೆಯೇ ಹಳದಿ ಹೊಟ್ಟೆಯ ಹೆಣ್ಣು ಬಂದು, ಕೊಳವೆಯಂಥ ಕೇಸರಿ ಹೂಗಳಿಗೆ ಬಾಗಿದ ಕೊಕ್ಕನ್ನು ಒಂದೊಂದಾಗಿ ಇಳಿಸುವುದನ್ನು ನೋಡುತ್ತ ನಿಂತರೆ ಚಹಾ ಆರಿದ್ದೂ ತಿಳಿಯುವುದಿಲ್ಲ.

ಪೆಂಟಾಸ್ ಆಗಸ್ಟ್ ತಿಂಗಳಲ್ಲೇ ಕೊಳೆತುಹೋಯಿತು. ಅದಕ್ಕೆ ನರ್ಸರಿಯನ್ನು ದೂರುವಂತಿಲ್ಲ. ನಮ್ಮ ಎರೆಮಣ್ಣು ಮಳೆಗೆ ನೀರು ಹಿಡಿದು ಉಬ್ಬುತ್ತದೆ. ಮರಳು, ತಿಪ್ಪೆಗೊಬ್ಬರ ಬೆರೆಸಿ ಮಡಿಯನ್ನು ಎತ್ತರಿಸಿ ನೆಡಬೇಕಿತ್ತು. ದಾಸವಾಳದಲ್ಲಿ ಸುತ್ತುಸುತ್ತಿನ ದಳದ ತಳಿಯನ್ನೇ ಕೊಳ್ಳುವಂತೆ ಒತ್ತಾಯಿಸಿದರೂ ಐದೆಸಳಿನ ಕೆಂಪು ದಾಸವಾಳವನ್ನೇ ತಂದೆ. ದಳ ಒತ್ತಾದಷ್ಟೂ ಮಕರಂದದ ದಾರಿ ಮುಚ್ಚಿಕೊಳ್ಳುತ್ತದೆ.

ನನ್ನ ನಿಜವಾದ ದೂರು ಕರಿಬೇವಿನ ಬಗ್ಗೆ. ನೆಟ್ಟ ಹದಿನೈದು ದಿನಗಳಲ್ಲೇ ನಿಂಬೆ ಪಾತರಗಿತ್ತಿಯೊಂದು ಬಂದು, ಚಿಗುರನ್ನು ಮುಂಗಾಲಿನಿಂದ ಮುಟ್ಟಿ ನೋಡಿ, ಎಲೆಗೊಂದರಂತೆ ತತ್ತಿಯಿಟ್ಟು ಹೋಯಿತು. ಹುಳುಗಳು ಹೊರಬಂದವು, ಆದರೆ ಎರಡೇ ದಿನಗಳಲ್ಲಿ ಕಪ್ಪಾಗಿ ಉದುರಿದವು. ನರ್ಸರಿಗೆ ಹೋಗಿ ಕೇಳಿದಾಗ ಮಾಲಿ ಮುಚ್ಚುಮರೆಯಿಲ್ಲದೆ ಹೇಳಿದ: “ಹುಳ ಹತ್ತಬಾರದಂತ ಎಣ್ಣಿ ಹೊಡದೇ ಮಾರ್ತೀವ್ರಿ.” ಹೂವಿನ ಗಿಡವನ್ನು ಪಾತರಗಿತ್ತಿಯ ಹೆಸರಿನಲ್ಲಿ ಮಾರುವವರು, ಅದರ ಮರಿ ತಿನ್ನುವ ಎಲೆಗೆ ವಿಷ ಹೊಡೆದಿದ್ದನ್ನು ಕೊಳ್ಳುವವರಿಗೆ ಮೊದಲೇ ಹೇಳಬೇಕು. ಗಿಡವನ್ನು ಅರ್ಧಕ್ಕೆ ಸವರಿ, ಎರಡು ತಿಂಗಳು ಕಾದ ಮೇಲೆ ಬಂದ ಹೊಸ ಚಿಗುರಿನಲ್ಲಿ ಹುಳುಗಳು ಉಳಿದವು. ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತಿದ್ದವು, ದೊಡ್ಡವಾದಂತೆ ಎಲೆಹಸಿರಾದವು. ಮುಟ್ಟಿದರೆ ತಲೆಯ ಹಿಂದಿನಿಂದ ಕವಲು ಕೊಂಬಿನಂಥದ್ದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತಿದ್ದವು. ಒಗ್ಗರಣೆಗೆ ಎಲೆ ಕಡಿಮೆಯಾಯಿತೆಂದು ಮನೆಯಲ್ಲಿ ಯಾರೂ ಬೇಸರಿಸಲಿಲ್ಲ.

ಎಕ್ಕ, ತಂಗಡಿಗಳನ್ನು ಆ ನರ್ಸರಿಯಲ್ಲಿ ಇಟ್ಟೇ ಇಲ್ಲ. ಕೇಳಿದರೆ ಕಾಡುಗಿಡವೆಂದು ತಳ್ಳಿಹಾಕುತ್ತಾರೆ. ಕಿತ್ತಳೆ ರೆಕ್ಕೆಯ ಪ್ಲೇನ್ ಟೈಗರ್ ಪಾತರಗಿತ್ತಿ ತತ್ತಿಯಿಡುವುದು ಎಕ್ಕದ ಮೇಲೆ. ಅದರ ಹಾಲು ಕಣ್ಣಿಗೆ ಅಪಾಯವಾದ್ದರಿಂದ ಚಿಕ್ಕ ಮಕ್ಕಳಿರುವ ಮನೆಯವರು ಕಾಂಪೌಂಡಿನ ಆಚೆ ಬೆಳೆದಿರುವುದನ್ನು ಕಡಿಯದೆ ಬಿಟ್ಟರೆ ಸಾಕು.

ಹಮೇಲಿಯಾ, ದಾಸವಾಳಗಳಿಗೆ ಈ ಮುಂಗಾರಿನಲ್ಲೂ ಅದೇ ನರ್ಸರಿಗೆ ಹೋಗುತ್ತೇನೆ. ಗಿಡಗಳ ಬೇರು ಗಟ್ಟಿ, ಬೆಲೆ ಸರಿಯಾದದ್ದು. ಕರಿಬೇವನ್ನು ಮಾತ್ರ ಅಲ್ಲಿ ಕೊಳ್ಳುವುದಿಲ್ಲ. ಪಕ್ಕದ ಮನೆಯ ಹಳೆಯ ಗಿಡದ ಬೇರಿನಿಂದ ಎದ್ದಿರುವ ಎರಡು ಸಸಿಗಳನ್ನು ಕಿತ್ತುಕೊಡಲು ಅಲ್ಲಿನ ಕಾಕು ಒಪ್ಪಿದ್ದಾರೆ.