ಎ2212 1000 ಕೆವಿ ಮೋಟರ್ ಸೆಟ್: ಒಳ್ಳೆಯದೇ, ಆದರೆ ಸ್ಕ್ರೂ ಅಳತೆ ನೋಡಿ ಹಾಕಿ

ಫೋಮ್ ಬೋರ್ಡಿನ 700-800 ಗ್ರಾಂ ಟ್ರೇನರ್ ರಿಮೋಟ್ ಕಂಟ್ರೋಲ್ ವಿಮಾನಕ್ಕೆ ಈ ಮೋಟರ್ (1000 ಕೆವಿ ಅಂದರೆ ಲೋಡ್ ಇಲ್ಲದಾಗ ಪ್ರತಿ ವೋಲ್ಟ್‌ಗೆ ನಿಮಿಷಕ್ಕೆ ಸುಮಾರು 1000 ಸುತ್ತು), 30 ಆಂಪಿಯರ್ ಇಎಸ್‌ಸಿ (ಮೋಟರ್ ವೇಗ ನಿಯಂತ್ರಿಸುವ ಸರ್ಕ್ಯೂಟ್), 3ಎಸ್ ಲಿಪೋ (ಮೂರು ಸೆಲ್‌ಗಳ ಲಿಥಿಯಂ ಪಾಲಿಮರ್ ಬ್ಯಾಟರಿ), 10 ಇಂಚಿನ ಪ್ರೊಪೆಲ್ಲರ್ ಚೆನ್ನಾಗಿ ಹೊಂದುತ್ತವೆ. ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಕೆಡುವುದು ಹೆಚ್ಚಾಗಿ ಜೋಡಿಸುವಾಗಲೇ. ಮೋಟರ್ ಬುಡದ ಸ್ಕ್ರೂ ಒಂದೆರಡು ಮಿಲಿಮೀಟರ್ ಉದ್ದವಾದರೂ ಸಾಕು, ತುದಿ ಒಳಗಿನ ತಾಮ್ರದ ವೈಂಡಿಂಗ್‌ಗೆ ತಾಗಿ ತಂತಿಯ ಮೇಲಿನ ಎನಾಮಲ್ ಇನ್ಸುಲೇಷನ್ ಕೆರೆಯುತ್ತದೆ. ಆಮೇಲೆ ಮೋಟರ್ ತಿರುಗದೆ ನಡುಗುತ್ತದೆ, ಇಎಸ್‌ಸಿಯೂ ಸುಟ್ಟುಹೋಗಬಹುದು. ಬಿಗಿದ ಮೇಲೆ ಪಕ್ಕದ ಕಿಂಡಿಯಿಂದ ಟಾರ್ಚ್ ಬಿಟ್ಟು ನೋಡಿ. ಸ್ಕ್ರೂ ತುದಿ ಕಂಡರೆ ಬಿಚ್ಚಿ ವಾಷರ್ ಹಾಕಿ.

ಪ್ರೊಪೆಲ್ಲರನ್ನು ಶಾಫ್ಟ್‌ಗೆ ಬಿಗಿಹಿಡಿಯುವ ಕೊಲೆಟ್ ಅಡಾಪ್ಟರ್ ಮಾತ್ರ ನಿಜಕ್ಕೂ ಬೇಸರ ತರಿಸುತ್ತದೆ. ಶಾಫ್ಟ್‌ನಲ್ಲಿ ಎಣ್ಣೆ ಉಳಿದಿದ್ದರೆ ಫುಲ್ ಥ್ರಾಟಲ್‌ನಲ್ಲಿ ಜಾರಿ ಪ್ರೊಪೆಲ್ಲರ್ ಹಾರಿಹೋಗುತ್ತದೆ. ಸ್ಪಿರಿಟ್‌ನಲ್ಲಿ ಒರೆಸಿ, ಸ್ಪ್ಯಾನರ್‌ನಿಂದಲೇ ಬಿಗಿಯಿರಿ. ಮೋಟರ್ ಉಲ್ಟಾ ತಿರುಗಿದರೆ ಮೋಟರ್‌ನಿಂದ ಇಎಸ್‌ಸಿಗೆ ಹೋಗುವ ಮೂರು ವೈರ್‌ಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರಾಯಿತು.