ಅಳತೆ ಕೊಟ್ಟು ಕಟ್ಟಿಸಿದ ಮೊದಲ ರೈಫಲ್: ಟೆಕ್ಸಾಸಿನ ಎರಡು ಬೇಸಿಗೆ ದಾಟಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ರೈಫಲ್ ಚೆನ್ನಾಗಿದೆ, ಮಾರುವ ಯೋಚನೆ ಇಲ್ಲ. ಆದರೆ ಕೊಟ್ಟ ದುಡ್ಡಿನಲ್ಲಿ ನನಗೆ ನಿಜವಾಗಿ ದಕ್ಕಿದ್ದು ಎರಡು ಭಾಗದಿಂದ, ಸ್ಟಾಕ್ (ಭುಜಕ್ಕೆ, ಕೆನ್ನೆಗೆ ಆನಿಸಿ ಹಿಡಿಯುವ ಭಾಗ) ಮತ್ತು ಟ್ರಿಗರ್. ಬ್ಯಾರೆಲ್, ಅಂದರೆ ನಳಿಗೆ, ಅದರ ಬಗ್ಗೆ ಎಲ್ಲರೂ ಗಂಟೆಗಟ್ಟಲೆ ಮಾತಾಡುತ್ತಾರೆ. ನನ್ನ ಲೆಕ್ಕದಲ್ಲಿ ಅದಕ್ಕೆ ಮೂರನೇ ಜಾಗ.

ಇದು ರೂಗರ್ 10/22 ಮಾದರಿಯ ರೈಫಲ್. ಕಂಪನಿ ಆ ಮಾದರಿಯನ್ನು 1964ರಲ್ಲಿ ಹೊರತಂದಿತು. ಅಮೆರಿಕದಲ್ಲಿ ತುಂಬಾ ಜನ ಗುರಿ ಹೊಡೆಯಲು ಕಲಿತದ್ದು ಇದರಲ್ಲೇ. .22 ಎಲ್‌ಆರ್ ಅನ್ನುವ ಚಿಕ್ಕ ಗುಂಡು, ಹತ್ತು ಹಿಡಿಯುವ ದುಂಡು ಮ್ಯಾಗಜಿನ್ (ಗುಂಡು ತುಂಬಿಡುವ ಡಬ್ಬಿ). ಗುಂಡು ಹಾರಿದ ಒತ್ತಡಕ್ಕೇ ಬೋಲ್ಟ್ (ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ತುಂಡು) ಹಿಂದೆ ಸರಿದು, ಖಾಲಿ ಕೇಸನ್ನು (ಗುಂಡಿನ ಹಿತ್ತಾಳೆ ಕವಚ) ಹೊರಗೆಸೆದು, ಮುಂದಿನದನ್ನು ತುಂಬಿಕೊಳ್ಳುತ್ತದೆ. ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು. ಸೆಮಿ ಆಟೋಮ್ಯಾಟಿಕ್ ಅಂದರೆ ಅಷ್ಟೇ, ಸಿನಿಮಾದಲ್ಲಿ ಮಳೆ ಸುರಿಸಿದ ಹಾಗೆ ಹೊಡೆಯುವ ಬಂದೂಕಲ್ಲ.

ಈ ಮಾದರಿಗೆ ಬಿಡಿಭಾಗ ಮಾಡುವವರು ಎಷ್ಟು ಜನ ಇದ್ದಾರೆಂದರೆ, ರೂಗರ್ ಹೆಸರಿನ ಒಂದು ಸ್ಕ್ರೂ ಕೂಡ ಇಲ್ಲದೆ ಪೂರ್ತಿ 10/22 ಕಟ್ಟಿಸಬಹುದು. ಕಿಡ್, ವೊಲ್ಕ್ವಾರ್ಟ್‌ಸನ್ ಇದರಲ್ಲಿ ಹೆಸರು ಮಾಡಿದವರು. ನನ್ನದರಲ್ಲಿ ಮ್ಯಾಗಜಿನ್ ಮಾತ್ರ ರೂಗರ್‌ನದು. ಉಳಿದದ್ದನ್ನೆಲ್ಲ ಬೇರೆ ರಾಜ್ಯದ ಒಬ್ಬ ಬಿಲ್ಡರ್ ಜೋಡಿಸಿಕೊಟ್ಟರು. ಅವರ ಹೆಸರು ಹೇಳುವುದಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಸ್ಕೋಪ್ (ಗುರಿ ನೋಡುವ ದುರ್ಬೀನು) ಬಿಟ್ಟು 1,400 ಡಾಲರ್ ಆಸುಪಾಸು ಆಯಿತು. ಅಂಗಡಿಯಲ್ಲಿ ಸಾದಾ 10/22 ಇದರ ಕಾಲು ಭಾಗದ ಬೆಲೆಗೆ ಸಿಗುತ್ತದೆ.

ನಮ್ಮವರಿಗೆ ಮುಖ್ಯವಾದ ಒಂದು ಮಾತು ಇಲ್ಲೇ ಹೇಳಬೇಕು. ಎಚ್-1ಬಿ ವೀಸಾದಲ್ಲಿದ್ದರೆ ಇದನ್ನು ಕೊಳ್ಳುವುದಿರಲಿ, ಇಟ್ಟುಕೊಳ್ಳುವುದಕ್ಕೂ ಫೆಡರಲ್ ಕಾನೂನು ಬಿಡುವುದಿಲ್ಲ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ ನಿಜ, ಆದರೆ ಯಾರೋ ಸ್ನೇಹಿತರು ಹೇಳಿದರು ಅಂತ ಅದನ್ನು ನಂಬಿಕೊಂಡು ಹೋಗಬೇಡಿ, ವಕೀಲರನ್ನು ಕೇಳಿ. ನಾನು ಗ್ರೀನ್ ಕಾರ್ಡ್ ಕೈಗೆ ಬರುವ ತನಕ ಸುಮ್ಮನಿದ್ದೆ. ಕಾರ್ಡ್ ಇದ್ದರೆ ಉಳಿದವರ ಹಾಗೆಯೇ 4473 ಫಾರ್ಮ್ ತುಂಬಬೇಕು, ಅಂಗಡಿಯವರು ಹಿನ್ನೆಲೆ ತಪಾಸಣೆ ಮಾಡಿಸುತ್ತಾರೆ. ಗಾಂಜಾ ಸೇದುತ್ತೀರಾ ಅಂತಲೂ ಆ ಫಾರ್ಮ್ ಕೇಳುತ್ತದೆ. ನಿಮ್ಮ ರಾಜ್ಯದಲ್ಲಿ ಗಾಂಜಾಗೆ ಅನುಮತಿ ಇರಬಹುದು, ಫೆಡರಲ್ ಕಾನೂನಿಗೆ ಅದು ಲೆಕ್ಕಕ್ಕಿಲ್ಲ ಅಂತ ಅಲ್ಲೇ ಬರೆದಿದ್ದಾರೆ. ಟೆಕ್ಸಾಸಿನಲ್ಲಿ ಕೊಳ್ಳಲು ರಾಜ್ಯದ ಬೇರೆ ಪರವಾನಗಿ ಬೇಕಿಲ್ಲ. ನ್ಯೂಜೆರ್ಸಿ, ಇಲಿನಾಯ್‌ನಲ್ಲಿ ಇರುವವರಿಗೆ ಮೊದಲು ರಾಜ್ಯದ ಕಾರ್ಡ್ ಬೇಕು. ಕ್ಯಾಲಿಫೋರ್ನಿಯಾದ ಕಥೆಯೇ ಬೇರೆ.

ಇನ್ನೊಂದು ವಿಚಿತ್ರ ನೋಡಿ. ಕಾನೂನಿನ ಕಣ್ಣಿಗೆ ಬಂದೂಕು ಅಂದರೆ ಸೀರಿಯಲ್ ನಂಬರ್ ಇರುವ ರಿಸೀವರ್, ಅಂದರೆ ಬೋಲ್ಟ್ ಕೂರುವ ನಡುವಿನ ಭಾಗ ಮಾತ್ರ. ಬ್ಯಾರೆಲ್, ಟ್ರಿಗರ್, ಸ್ಟಾಕ್ ಎಲ್ಲ ಬರೀ ಸಾಮಾನು. ಆದ್ದರಿಂದ ಕಟ್ಟಿಸಿದ ರೈಫಲ್ ಬಿಲ್ಡರ್ ಕಡೆಯಿಂದ ನೇರ ಮನೆಗೆ ಬರಲಿಲ್ಲ. ಊರಿನ ಲೈಸೆನ್ಸ್ ಇರುವ ಅಂಗಡಿಗೆ ಬಂತು. ಅಲ್ಲಿ ಫಾರ್ಮ್ ತುಂಬಿ, ಅವರ ಶುಲ್ಕ ಕೊಟ್ಟು ತಂದೆ.

ಈಗ ಸ್ಟಾಕ್ ವಿಷಯ. ಟ್ರಿಗರ್‌ನಿಂದ ಸ್ಟಾಕಿನ ಹಿಂತುದಿಯವರೆಗಿನ ಉದ್ದ ಸಾದಾ 10/22ರಲ್ಲಿ ಹದಿಮೂರೂವರೆ ಇಂಚು. ನಾನು ಐದಡಿ ಒಂದಿಂಚು. ಅಂಗಡಿ ರೈಫಲ್ ಹಿಡಿದು ನಿಂತರೆ ಸೊಂಟ ಹಿಂದಕ್ಕೆ ಬಾಗುತ್ತಿತ್ತು, ಎಡಗೈ ಪೂರ್ತಿ ಚಾಚಿಕೊಳ್ಳುತ್ತಿತ್ತು, ಕತ್ತನ್ನು ಮುಂದಕ್ಕೆ ತಳ್ಳಿದರೂ ಸ್ಕೋಪಿನ ಸುತ್ತ ಕಪ್ಪು ಉಂಗುರ ಹೋಗುತ್ತಿರಲಿಲ್ಲ. ರೇಂಜಿನಲ್ಲಿ ಎಲ್ಲರೂ "ನಿಲ್ಲುವ ಭಂಗಿ ಸರಿ ಮಾಡಿಕೋ" ಅಂತಲೇ ಹೇಳುತ್ತಿದ್ದರು. ಭಂಗಿ ಸರಿಯಾಗಿಯೇ ಇತ್ತು, ಕೋಲು ಉದ್ದ ಇತ್ತು. ರೆಡಿಮೇಡ್ ರವಿಕೆಗೆ ಪಿನ್ನು ಹಾಕಿಕೊಂಡು ಮದುವೆಗೆ ಹೋದವರಿಗೆ ಈ ಕಷ್ಟ ಬೇಗ ಅರ್ಥವಾಗುತ್ತದೆ.

ಬಿಲ್ಡರ್ ಫೋನಿನಲ್ಲೇ ಅಳತೆ ತೆಗೆದುಕೊಂಡರು. ಮೊಣಕೈ ಮಡಚಿ, ಅದರ ಒಳಮಡಿಕೆಯಿಂದ ತೋರುಬೆರಳಿನ ಮೊದಲ ಗೆಣ್ಣಿನವರೆಗೆ ಟೇಪ್ ಹಿಡಿಯಬೇಕಿತ್ತು. ನನ್ನ ಗಂಡ ಹಿಡಿದ ಟೇಪ್ ಒಂದೊಂದು ಸಲ ಒಂದೊಂದು ಲೆಕ್ಕ ಕೊಟ್ಟಿತು ಅನ್ನುವುದು ಬೇರೆ ಮಾತು. ಕೊನೆಗೆ ಹನ್ನೆರಡೂಕಾಲು ಇಂಚಿಗೆ ಲ್ಯಾಮಿನೇಟ್ ಮರದ ಸ್ಟಾಕ್, ಕೆನ್ನೆ ಒರಗುವ ಜಾಗ ಸ್ವಲ್ಪ ಎತ್ತರ. ಮೊದಲ ಸಲ ಭುಜಕ್ಕೆ ಇಟ್ಟಾಗಲೇ ಕೆನ್ನೆ ತಾನಾಗಿ ಕೂತಿತು, ಕಣ್ಣ ಮುಂದೆ ಸ್ಕೋಪ್ ಪೂರ್ತಿ ಬೆಳಕಾಯಿತು. ಗುರಿ ಹುಡುಕುವ ಕೆಲಸವೇ ಇಲ್ಲ. ಕೂತು ಹೊಡೆಯುವಾಗ, ಅಂಗಾತ ಅಲ್ಲ, ಬೋರಲು ಮಲಗಿ ಹೊಡೆಯುವಾಗ ಕೂಡ ಅದೇ ಅನುಭವ. ಬರೀ ಸ್ಟಾಕ್ ಬದಲಾಯಿಸಿಕೊಂಡಿದ್ದರೂ ಅರ್ಧ ಲಾಭ ಆಗುತ್ತಿತ್ತು ಅಂತ ಈಗ ಧೈರ್ಯವಾಗಿ ಹೇಳಬಲ್ಲೆ. ಕುಳ್ಳಗಿರುವ ಹೆಂಗಸರು, ದೊಡ್ಡ ಮಕ್ಕಳಿಗೆ ಕಲಿಸುವವರು ಬೇರೆ ಏನೂ ಮಾಡಿಸದಿದ್ದರೂ ಇದೊಂದನ್ನು ಮಾಡಿಸಿ.

ಟ್ರಿಗರ್ ಕಥೆ ಹೀಗೆ. ಸಾದಾ 10/22ರ ತೂಕ ಸುಮಾರು ಐದು ಪೌಂಡ್. ಅದರ ಟ್ರಿಗರ್ ಎಳೆಯಲು ಬೇಕಾದ ಬಲ ಸಾಮಾನ್ಯವಾಗಿ ಐದಾರು ಪೌಂಡ್. ರೈಫಲ್ ಎತ್ತಿ ಹಿಡಿಯುವುದಕ್ಕಿಂತ ಟ್ರಿಗರ್ ಎಳೆಯುವುದೇ ಜಾಸ್ತಿ ಕೆಲಸ ಅಂದ ಮೇಲೆ ಗುರಿ ಅಲ್ಲಾಡದೆ ಇರುತ್ತದಾ? ನನ್ನದು ಎರಡೂವರೆ ಪೌಂಡಿನ ಎರಡು ಹಂತದ ಟ್ರಿಗರ್. ಬೆರಳಿಟ್ಟರೆ ಮೊದಲು ಸ್ವಲ್ಪ ಸಡಿಲವಾಗಿ ಹಿಂದೆ ಬರುತ್ತದೆ. ಆಮೇಲೆ ಗೋಡೆಗೆ ತಾಗಿದ ಹಾಗೆ ನಿಲ್ಲುತ್ತದೆ. ಅಲ್ಲಿ ನಿಂತು ಉಸಿರು ಬಿಟ್ಟು, ಅಡ್ಡಗೆರೆ ಕಪ್ಪು ಚುಕ್ಕೆಯ ಮೇಲೆ ಕೂತಾಗ ಇನ್ನು ಸ್ವಲ್ಪ ಒತ್ತಿದರೆ ಸಾಕು. ಬಿಲ್ಡರ್ ಒಂದು ಪೌಂಡಿನದ್ದನ್ನೂ ತೋರಿಸಿದ್ದರು. ಬೆಂಚಿನ ಮೇಲೆ ಮರಳುಚೀಲ ಇಟ್ಟು ಹೊಡೆಯುವವರಿಗೆ ಅದು ಸರಿ. ಕೂರುವುದು, ಏಳುವುದು, ಮ್ಯಾಗಜಿನ್ ಬದಲಾಯಿಸುವುದು ಎಲ್ಲ ಇರುವ ನನ್ನಂಥವರಿಗೆ ಅಷ್ಟು ಹಗುರ ಬೇಡ.

ನನ್ನ ಬಳಕೆ ಹೆಚ್ಚಾಗಿ ಗುರಿ ಹೊಡೆಯಲು ಕಲಿಸುವ ಪ್ರಾಜೆಕ್ಟ್ ಆ್ಯಪಲ್‌ಸೀಡ್ ಶಿಬಿರಗಳಿಗೆ, ಅದರ ಅಭ್ಯಾಸಕ್ಕೆ. ಅಲ್ಲಿ 25 ಮೀಟರಿನಲ್ಲಿ ನಿಂತು, ಕೂತು, ಮಲಗಿ ಸಮಯದ ಮಿತಿಯಲ್ಲಿ 40 ಗುಂಡು ಹೊಡೆಸುತ್ತಾರೆ. 250ಕ್ಕೆ 210 ಬಂದರೆ "ರೈಫಲ್‌ಮನ್" ಅನ್ನುವ ಬಟ್ಟೆಯ ಬಿಲ್ಲೆ ಕೊಡುತ್ತಾರೆ. ನಡುವೆ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಥೆಯನ್ನೂ ಹೇಳುತ್ತಾರೆ, ನನಗೆ ಗುರಿಯಷ್ಟೇ ಆ ಕಥೆಗಳೂ ಇಷ್ಟ. ಈ ತರಹದ ಬಳಕೆಗೆ ಭಾರದ ಬ್ಯಾರೆಲ್ ಬೇಡ. ಬಿಲ್ಡರ್ ಮೊದಲು ಹೇಳಿದ್ದು 0.920 ಇಂಚು ದಪ್ಪದ ಬ್ಯಾರೆಲ್. ಅದು ನೋಡಲು ಗಟ್ಟಿಮುಟ್ಟು, ಆದರೆ ನಿಂತು ಹೊಡೆಯುವಾಗ ಎಡಗೈ ನಡುಗಿಬಿಡುತ್ತದೆ. ನಾನು ತೆಳು ಉಕ್ಕಿನ ನಳಿಗೆಯ ಮೇಲೆ ಅಲ್ಯುಮಿನಿಯಂ ಹೊದಿಕೆ ಇರುವ ಹಗುರದ್ದನ್ನು ಆರಿಸಿಕೊಂಡೆ.

ಫಲಿತಾಂಶ? 50 ಗಜದಲ್ಲಿ ಬೆಂಚಿನಿಂದ ಐದು ಗುಂಡು ಹೊಡೆದರೆ ಎಲ್ಲವೂ ಸುಮಾರು ಅರ್ಧ ಇಂಚಿನೊಳಗೆ. ಆದರೆ ಇದು ಎಸ್‌ಕೆ ಸ್ಟ್ಯಾಂಡರ್ಡ್ ಪ್ಲಸ್ ಗುಂಡಿನಲ್ಲಿ. ದೊಡ್ಡ ಡಬ್ಬದಲ್ಲಿ ರಾಶಿ ಬರುವ ಅಗ್ಗದ ಗುಂಡು ಹಾಕಿದರೆ ಅದೇ ಬ್ಯಾರೆಲ್ ಒಂದು ಇಂಚಿನ ಮೇಲೆ ಹರಡುತ್ತದೆ. ನನ್ನ ಹಳೆಯ ಸಾದಾ ರೈಫಲ್‌ಗೆ ಒಳ್ಳೆಯ ಗುಂಡು ಕೊಟ್ಟರೆ ಅದೂ ಒಂದಿಂಚಿನ ಹತ್ತಿರ ಬರುತ್ತದೆ. ಅದಕ್ಕೇ ಬ್ಯಾರೆಲ್‌ಗೆ ಮೂರನೇ ಜಾಗ ಅಂದದ್ದು. .22 ಎಲ್‌ಆರ್ ಗುಂಡನ್ನು ಮನೆಯಲ್ಲಿ ಮತ್ತೆ ತುಂಬಿಕೊಳ್ಳುವ ರೂಢಿ ಇಲ್ಲ, ಕಾರ್ಖಾನೆಯಿಂದ ಬಂದ ಹಾಗೆಯೇ ಹೊಡೆಯಬೇಕು. ಹಾಗಾಗಿ ನಾಲ್ಕೈದು ಬಗೆ ತಂದು, ನಿಮ್ಮ ರೈಫಲ್‌ಗೆ ಯಾವುದು ಒಗ್ಗುತ್ತದೆ ಅಂತ ನೋಡುವುದೊಂದೇ ದಾರಿ. ಒಂದು ಬಗೆಯಿಂದ ಇನ್ನೊಂದಕ್ಕೆ ಬದಲಾಯಿಸಿದಾಗ ಮೊದಲ ಒಂದಷ್ಟು ಗುಂಡುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಗುಂಡಿಗೆ ಸವರಿದ ಮೇಣ ಒಂದೊಂದರದು ಒಂದೊಂದು ತರಹ, ಹಳೆಯದು ಹೋಗಿ ಹೊಸದು ನಳಿಗೆಯೊಳಗೆ ಕೂರಬೇಕು.

ಈಗ ಬಿಲ್ಡರ್ ಮೇಲಿನ ತಕರಾರು. ಹೇಳಿದ ಸಮಯಕ್ಕಿಂತ ತುಂಬಾ ತಡವಾಗಿ ಬಂತು, ಫೋನ್ ಮಾಡಿದರೆ "ಮುಂದಿನ ವಾರ" ಅನ್ನುವ ಉತ್ತರ. ಅದನ್ನು ಸಹಿಸಿಕೊಳ್ಳಬಹುದು, ನಮ್ಮೂರಿನ ಬಡಗಿಗಳೂ ಹಾಗೇ ಹೇಳುವುದು. ಆದರೆ ಬಂದ ರೈಫಲ್ ಸ್ಟ್ಯಾಂಡರ್ಡ್ ವೆಲಾಸಿಟಿ ಗುಂಡಿಗೆ ಸರಿಯಾಗಿ ಓಡಲಿಲ್ಲ. ಮ್ಯಾಗಜಿನ್ನಿಗೆ ಒಂದೆರಡು ಸಲ ಖಾಲಿ ಕೇಸು ಪೂರ್ತಿ ಹೊರಗೆ ಹಾರದೆ ಬೋಲ್ಟಿಗೆ ಸಿಕ್ಕಿ ಚಿಮಣಿಯಂತೆ ನೆಟ್ಟಗೆ ನಿಲ್ಲುತ್ತಿತ್ತು. ಕಾರಣ ಸರಳ. ಈ ಗುಂಡು ಸೆಕೆಂಡಿಗೆ 1,070 ಅಡಿ ಆಸುಪಾಸಿನದು, ಅಂದರೆ ಶಬ್ದದ ವೇಗಕ್ಕಿಂತ ಕಡಿಮೆ. ಗುರಿಗೆ ಅದೇ ಒಳ್ಳೆಯದು, ಆದರೆ ಹೈ ವೆಲಾಸಿಟಿ ಗುಂಡಿನಷ್ಟು ಜೋರಾಗಿ ಬೋಲ್ಟನ್ನು ಹಿಂದಕ್ಕೆ ತಳ್ಳುವುದಿಲ್ಲ. ಬೋಲ್ಟನ್ನು ಮತ್ತೆ ಮುಂದಕ್ಕೆ ತಳ್ಳಲು ಇವರು ಹಾಕಿದ್ದ ಸ್ಪ್ರಿಂಗ್ ಗಟ್ಟಿ ಇತ್ತು. ಆರ್ಡರ್ ಚೀಟಿಯಲ್ಲಿ ಯಾವ ಗುಂಡು ಅಂತ ನಾನು ಬರೆದುಕೊಟ್ಟಿದ್ದೆ. ಮೊದಲು ಅವರು "ಹೊಸದು, ಹೊಡೆಯುತ್ತಾ ಸರಿಹೋಗುತ್ತದೆ" ಅಂದರು. ಸರಿಹೋಗಲಿಲ್ಲ. ಸಿಕ್ಕಿಬಿದ್ದ ಕೇಸಿನ ವಿಡಿಯೊ ಕಳಿಸಿದ ಮೇಲೆ ವಾಪಸ್ ತರಿಸಿಕೊಂಡು ಸ್ಪ್ರಿಂಗ್ ಬದಲಾಯಿಸಿದರು. ಹೋಗುವ ಪಾರ್ಸೆಲ್ ಖರ್ಚು ನನ್ನ ತಲೆಗೇ ಬಂತು, ಇದು ನನಗೆ ಈಗಲೂ ಸರಿ ಕಾಣುವುದಿಲ್ಲ. ಒಂದು ಸಮಾಧಾನ ಅಂದರೆ, ರಿಪೇರಿಗೆ ಹೋದ ಬಂದೂಕನ್ನು ಲೈಸೆನ್ಸ್ ಇರುವವರು ನೇರ ಮಾಲೀಕರಿಗೇ ಕಳಿಸಬಹುದು. ಎರಡನೇ ಸಲ ಅಂಗಡಿ, ಫಾರ್ಮ್, ಶುಲ್ಕ ಯಾವುದೂ ಇರಲಿಲ್ಲ.

ಆಮೇಲೆ ತೊಂದರೆ ಕೊಟ್ಟಿಲ್ಲ. ಗಮನಿಸಬೇಕಾದದ್ದು ಒಂದೇ ಒಂದು ಸ್ಕ್ರೂ. 10/22ರಲ್ಲಿ ರಿಸೀವರನ್ನು ಸ್ಟಾಕಿಗೆ ಹಿಡಿದಿಡುವುದು ಅದೊಂದೇ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯ ಕಾವು, ರೇಂಜಿನ ಬಿಸಿಲು ಎಲ್ಲ ಸೇರಿ ಅದು ಸಡಿಲವಾದರೆ ಗುಂಡುಗಳು ಕಾರಣವಿಲ್ಲದೆ ಹರಡಲು ಶುರು. ಬಿಗಿ ಅಳೆಯುವ ಸ್ಕ್ರೂಡ್ರೈವರ್ ಒಂದನ್ನು ಬ್ಯಾಗಿನಲ್ಲೇ ಇಟ್ಟಿದ್ದೇನೆ. ಸ್ವಚ್ಛ ಮಾಡುವುದು ಸುಲಭ. ಸಾದಾ 10/22ರ ರಿಸೀವರ್ ಹಿಂದೆ ಮುಚ್ಚಿರುತ್ತದೆ, ನಳಿಗೆಯ ಬಾಯಿಂದಲೇ ಕಡ್ಡಿ ಹಾಕಬೇಕು. ಇದರಲ್ಲಿ ಹಿಂದೆ ತೂತು ಕೊರೆದಿದ್ದಾರೆ. ಚಿಕ್ಕ ತೂತು, ದೊಡ್ಡ ಅನುಕೂಲ. ಗುಂಡು ಬರೀ ಸೀಸ, ಆದ್ದರಿಂದ ರೇಂಜಿನಿಂದ ಬಂದ ಕೂಡಲೇ ಸೋಪು ಹಾಕಿ ಕೈ ತೊಳೆಯದೆ ಮಗನನ್ನು ಮುಟ್ಟುವುದಿಲ್ಲ. ಮನೆಯಲ್ಲಿ ಅವನಿರುವುದರಿಂದ ರೈಫಲ್ ಒಂದು ಕಡೆ ಬೀಗ, ಗುಂಡು ಇನ್ನೊಂದು ಕಡೆ ಬೀಗ. 17 ವರ್ಷದ ಒಳಗಿನವರ ಕೈಗೆ ತುಂಬಿದ ಬಂದೂಕು ಸಿಗುವ ಹಾಗೆ ಬಿಟ್ಟರೆ ಟೆಕ್ಸಾಸಿನಲ್ಲಿ ಅದು ಅಪರಾಧ. ಸೇಫ್ ದುಡ್ಡನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಊರಲ್ಲಿ, ಸಕಲೇಶಪುರದ ಕಡೆ, ಕೋವಿ ಅಂದರೆ ತೋಟ ಕಾಯುವ ಸಾಮಾನು. ಚುನಾವಣೆ ಬಂತೆಂದರೆ ಅಪ್ಪ ಗೊಣಗುತ್ತಾ ಅದನ್ನು ಠಾಣೆಗೆ ಕೊಟ್ಟು ಬರುತ್ತಿದ್ದರು. ಆಟಕ್ಕೆ ಅಂತ ಒಂದು ಬಂದೂಕು, ಅದೂ ಅಳತೆ ಕೊಟ್ಟು ಮಾಡಿಸಿದ್ದು ಅಂದರೆ ಅಮ್ಮನಿಗೆ ತಲೆಗೆ ಹೋಗಲಿಲ್ಲ. "ಅಲ್ಲೂ ಹಂದಿ ಕಾಟನಾ?" ಅಂತ ಕೇಳಿದರು. ಟೆಕ್ಸಾಸಿನಲ್ಲಿ ಕಾಡುಹಂದಿ ಕಾಟ ನಮ್ಮ ಮಲೆನಾಡಿಗಿಂತ ಕಡಿಮೆ ಏನಿಲ್ಲ, ಆದರೆ ಈ ರೈಫಲ್ ಹಂದಿಗೆ ಸಾಲದು. ಇದು ಕಾಗದಕ್ಕೆ, ಕಬ್ಬಿಣದ ತಟ್ಟೆಗೆ ಅಷ್ಟೇ.

ಕೊಳ್ಳುವ ಯೋಚನೆ ಇದ್ದರೆ ಮೊದಲು ಸಾದಾ 10/22 ತಗೊಂಡು ಒಂದಷ್ಟು ಕಾಲ ಹೊಡೆಯಿರಿ. ಯಾವ ಭಾಗ ನಿಮಗೆ ಅಡ್ಡ ಬರುತ್ತಿದೆ ಅಂತ ಗೊತ್ತಾಗುವ ಮೊದಲು ಬಿಲ್ಡರ್‌ಗೆ ಏನು ಹೇಳುತ್ತೀರಿ? ಮಾರುವಾಗಿನ ಬೆಲೆಯನ್ನೂ ಯೋಚಿಸಿ. ನನ್ನ ಸ್ಟಾಕ್ ಗಂಡನಿಗೇ ಆಗುವುದಿಲ್ಲ, ಅವರು ಹಿಡಿದರೆ ಮೂಗು ಹೆಬ್ಬೆರಳಿಗೆ ತಾಗುತ್ತದೆ. ಇನ್ನು ಬೇರೆಯವರು ಯಾರು ಕೊಳ್ಳುತ್ತಾರೆ? ಬಿಡಿಭಾಗಗಳನ್ನು ಬಿಚ್ಚಿ ಒಂದೊಂದಾಗಿ ಮಾರಿದರೆ ಸ್ವಲ್ಪ ದುಡ್ಡು ವಾಪಸ್ ಬರುತ್ತದಂತೆ. ಹಳೆಯ ಸಾದಾ ರೈಫಲ್ ಮಾತ್ರ ಹಾಗೇ ಇದೆ. ರೇಂಜಿಗೆ ಹೊಸಬರು ಯಾರಾದರೂ ಜೊತೆಗೆ ಬಂದರೆ ಕೈಗೆ ಅದನ್ನೇ ಕೊಡುತ್ತೇನೆ.