ಬೀಗವೋ, ಆವೃತ್ತಿ ಸಂಖ್ಯೆಯೋ?

ಚಿಕ್ಕಮಗಳೂರಿನ ಕಾಫಿ ಗೋದಾಮಿನ ದಾಸ್ತಾನನ್ನು ಇಬ್ಬರು ಗುಮಾಸ್ತರು ಏಕಕಾಲಕ್ಕೆ 100 ಚೀಲವೆಂದು ಓದಿ, ಒಬ್ಬರು 10, ಇನ್ನೊಬ್ಬರು 20 ಕಳೆದು ಸರ್ವರಿಗೆ ಬರೆದರೆ, 70 ಉಳಿಯಬೇಕಾದಲ್ಲಿ 80 ಅಥವಾ 90 ಕಾಣುತ್ತದೆ.

ಅವಧಿಯುಳ್ಳ ಬೀಗದಿಂದ, ಅಂದರೆ ಒಬ್ಬರು ಲೆಕ್ಕ ತಿದ್ದುವಾಗ ಉಳಿದವರನ್ನು ನಿಗದಿತ ಸಮಯದವರೆಗೆ ಹೊರಗಿಡುವ ವ್ಯವಸ್ಥೆಯಿಂದ, ಇದನ್ನು ತಡೆಯುವುದು ಅರ್ಥವಾಗಲು ಸುಲಭ. ಆದರೆ ಬೀಗ ಹಿಡಿದ ಪ್ರೋಗ್ರಾಂ ನಡುವೆ ಕೆಲಕಾಲ ಸ್ತಬ್ಧವಾಗಿ, ಅಷ್ಟರಲ್ಲಿ ಅವಧಿ ತೀರಿ ಬೀಗ ಬೇರೆಯವರ ಕೈಸೇರಿದ್ದರೂ, ಎಚ್ಚೆತ್ತೊಡನೆ ತನ್ನ ಹಳೆಯ ಲೆಕ್ಕವನ್ನೇ ಬರೆದುಬಿಡಬಲ್ಲದು. ಆದ್ದರಿಂದ ಪ್ರತಿ ಬೀಗಕ್ಕೂ ಏರುವ ಸಂಖ್ಯೆಯೊಂದನ್ನು ಕೊಟ್ಟು, ಹಿಂದಿನ ಸಂಖ್ಯೆಯ ಬರಹವನ್ನು ಸರ್ವರೇ ತಿರಸ್ಕರಿಸುವಂತೆ ಮಾಡಬೇಕಾಗುತ್ತದೆ.

ಆವೃತ್ತಿ ಸಂಖ್ಯೆಯ ವಿಧಾನದಲ್ಲಿ, ದಾಸ್ತಾನು ಬದಲಾದಾಗಲೆಲ್ಲ ಅದರ ಜೊತೆಗಿರುವ ಸಂಖ್ಯೆಯೂ ಬದಲಾಗುತ್ತದೆ; ಓದಿದಾಗಿದ್ದ ಸಂಖ್ಯೆ ಬರೆಯುವಾಗ ಬದಲಾಗಿದ್ದರೆ ಸರ್ವರ್ ಬರಹವನ್ನು ತಿರಸ್ಕರಿಸುತ್ತದೆ, ಮತ್ತೆ ಓದಿ ಬರೆಯಬೇಕು. ಕೊಯ್ಲಿನ ದಟ್ಟಣೆಯಲ್ಲಿ ಮರುಯತ್ನಗಳು ಹೆಚ್ಚುತ್ತವೆ, ನಿಜ. ಆದರೂ ಬೀಗದ ಅವಧಿ ನಡುವೆಯೇ ತೀರುವ ಭಯವಿಲ್ಲದ ಇದನ್ನೇ ನಾನು ಆರಿಸುತ್ತೇನೆ.

ಎರಡರಲ್ಲೂ, ದತ್ತಾಂಶ ಡಿಸ್ಕಿಗೆ ಇಳಿಯುವ ಮುನ್ನವೇ ‘ಉಳಿಸಲಾಗಿದೆ’ ಎಂದು ಉತ್ತರಿಸಿದರೆ, ಮಳೆಗಾಲದಲ್ಲಿ ಕರೆಂಟು ಹೋದಾಗ ಆ ನಮೂದು ಕಳೆದುಹೋಗಬಹುದು.